ನಾಲ್ಕು ಬಲ್ಬಿನ ಲೆಕ್ಕ

ನಮ್ಮ ಹನುಮಕ್ಕ ಅತ್ತಿಗೆ ಯಾರ ಪಾಲಿನ ಕರೆಂಟನ್ನೂ ತಿಂದಿರಲಿಲ್ಲ. ತಿಂದರು ಅಂತ ಮನೆಮಂದಿಯ ಮುಂದೆ ಹೇಳಿದವಳು ನಾನು. ಹೇಳಿದ್ದು ತಪ್ಪು ಅಂತ ಒಂದು ತಿಂಗಳೊಳಗೇ ನನಗೆ ಗೊತ್ತಾಯಿತು — ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಹೇಳಿದ್ದನ್ನು ತಿಳಿಯದೆ ಮಾಡಿದ್ದು ಅನ್ನಬಹುದೇನೋ. ಬಾಯಿ ಬಿಡದೆ ಇದ್ದದ್ದಕ್ಕೆ ಒಂದೇ ಹೆಸರು. ಸೊಕ್ಕು. ಆ ಎರಡಕ್ಷರ ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ನಾನು ಬಿ.ಕಾಂ. ಪಾಸಾದವಳು. ಇದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ, ಸುಳ್ಳು ವಿನಯ ನನಗೆ ಬರುವುದಿಲ್ಲ. ಹಿರೇಗುಂಟನೂರಿನಿಂದ ದುರ್ಗಕ್ಕೆ ದಿನಾ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದು, ಶೇಂಗಾ ಕೀಳುವ ಕಾಲಕ್ಕೆ ಕಾಲೇಜು ತಪ್ಪಿಸಿ, ಉಗುರಿನ ಸಂದಿಯ ಮಣ್ಣು ಹೋಗುವ ಮೊದಲೇ ಪರೀಕ್ಷೆಗೆ ಕೂತು ಪಡೆದ ಡಿಗ್ರಿ ಅದು. ಅಪ್ಪನ ಕಡೆ, ಅವ್ವನ ಕಡೆ ಎಷ್ಟು ತಲೆ ಹಿಂದಕ್ಕೆ ಹೋದರೂ ನನಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲ.

ಡಿಗ್ರಿ ಬಂದ ಮೇಲೆ ಮನೆಗೆ ಯಾವ ಕಾಗದ ಬಂದರೂ ಅಪ್ಪ ತಾವು ನೋಡುತ್ತಿರಲಿಲ್ಲ, ಲೀಲಾ ಬರಲಿ ಅನ್ನುತ್ತಿದ್ದರು. ಅವರಿಗೆ ಓದಲು ಬರುತ್ತಿತ್ತು, ಆದರೂ ಕಾಯುತ್ತಿದ್ದರು. ಕರೆಂಟ್ ಬಿಲ್ಲಂತೂ ಓಣಿಯವರೆಲ್ಲ ನನ್ನ ಕೈಗೇ ತಂದುಕೊಡುತ್ತಿದ್ದರು. ಸಾಯಂಕಾಲ ಜಗಲಿ ಮೇಲೆ ಕೂತು ಒಂದೊಂದೇ ಬಿಲ್ಲು ಓದಿ ಹೇಳುತ್ತಿದ್ದೆ. ಬಿಲ್ಲಿನಲ್ಲಿ ಎಲ್ಲವೂ ನನಗೆ ತಿಳಿಯುತ್ತಿತ್ತು ಅಂತ ಅಲ್ಲ. ಎಷ್ಟೋ ಕಾಲಮ್ಮುಗಳ ಅರ್ಥವೇ ಆಗುತ್ತಿರಲಿಲ್ಲ. ಆದರೆ ಗೊತ್ತಿಲ್ಲ ಅಂದುಬಿಟ್ಟರೆ, ಹೆಣ್ಣುಮಗಳನ್ನು ಓದಿಸಿ ಏನು ಬಂತು ಅನ್ನುವವರು ಎದುರಿಗೇ ಕೂತಿದ್ದಾರೆ — ಹಾಗಂತ ನಾನು ಅಂದುಕೊಂಡಿದ್ದೆ. ಕೂತಿದ್ದರೋ ಇಲ್ಲವೋ.

ನಮ್ಮದು ಮನೆ ಒಂದೇ, ಒಲೆ ಮೂರು. ಅಪ್ಪ, ಅವ್ವ ಮತ್ತು ನನ್ನದೊಂದು. ಅದಿರಿನ ಲಾರಿ ಓಡಿಸುತ್ತಾ ವಾರಗಟ್ಟಲೆ ಮನೆಗೆ ಬಾರದ ದೊಡ್ಡಣ್ಣನ ಹೆಂಡತಿ ಹನುಮಕ್ಕ ಅತ್ತಿಗೆ, ಅವರ ಮಗಳು ಸುಮ — ಅವರದೊಂದು. ಚಿಕ್ಕಣ್ಣ ನಾಗಣ್ಣನದು ಇನ್ನೊಂದು. ಒಲೆ ಬೇರೆಯಾದರೂ ಮೀಟರು ಬೇರೆಯಾಗಲಿಲ್ಲ. ಅದೂ ಬೇರೆಯಾದರೆ ಮನೆ ಒಡೆದಂಗೆ ಅಂತ ಅಪ್ಪ ಒಪ್ಪಲಿಲ್ಲ. ಹಾಗಾಗಿ ಬಿಲ್ಲನ್ನು ಬಲ್ಬಿನ ಮೇಲೆ ಹಂಚುತ್ತಿದ್ದೆವು. ಯಾರ ಭಾಗದಲ್ಲಿ ಎಷ್ಟು ಬಲ್ಬು ಇದ್ದವೋ ಅಷ್ಟು ಪಾಲು. ದನದ ಕೊಟ್ಟಿಗೆಯ ಬಲ್ಬು ಅಪ್ಪನ ಲೆಕ್ಕಕ್ಕೆ. ನಾಗಣ್ಣ ಟೀವಿ ತಂದಾಗ ಅದನ್ನು ಎರಡು ಬಲ್ಬು ಅಂತ ಹಿಡಿದೆವು. ನಾಗಣ್ಣ ತಕರಾರು ತೆಗೆದ.

"ಟೀವಿ ಊರೋರೆಲ್ಲ ಬಂದು ನೋಡ್ತಾರೆ, ದುಡ್ಡು ನಾನೊಬ್ನೇ ಕಟ್ಲಾ?"

"ಹಂಗಾದ್ರೆ ಬಾಗ್ಲು ಹಾಕ್ಕಂಡು ನೋಡಪ್ಪ, ಬ್ಯಾಡ ಅಂದೋರ್ಯಾರು" ಅಂದರು ಅಪ್ಪ. ಎಲ್ಲರೂ ನಕ್ಕೆವು. ಅಂಥ ಮನೆ ಅದು.

ಸುಮ ಒಂಬತ್ತನೇ ಕ್ಲಾಸು ದಾಟಿದಾಗ ಅತ್ತಿಗೆ ತಮ್ಮ ಪಾಲಿನ ಎರಡು ಮೇಕೆ ಮಾರಿ ಒಂದು ಗ್ರೈಂಡರು ತಂದರು. ಬೆಳಗ್ಗೆ ಇಡ್ಲಿ ಮಾಡಿ ಬಸ್ ನಿಲ್ಲುವ ಕಡೆ ಕೂತು ಮಾರತೊಡಗಿದರು. ಯಾತಕ್ಕೆ ಅಂತ ಯಾರಾದರೂ ಕೇಳಿದರೆ ಅವರ ಉತ್ತರ ಒಂದೇ. "ನಮ್ ಸುಮನೂ ಲೀಲನಂಗೆ ಆಗ್ಬೇಕು." ದುರ್ಗದ ಕಾಲೇಜು, ಬಸ್ ಪಾಸು, ಪುಸ್ತಕ — ಅಣ್ಣನ ಸಂಬಳ ಮನೆ ಮುಟ್ಟುವುದರಲ್ಲಿ ಅರ್ಧ ಆಗಿರುತ್ತಿತ್ತು, ಅದನ್ನು ನಂಬಿ ಮಗಳನ್ನು ಓದಿಸುವಂತಿರಲಿಲ್ಲ. ಗ್ರೈಂಡರನ್ನು ಎಷ್ಟು ಬಲ್ಬು ಅಂತ ಹಿಡಿಯುವುದು ಅಂತ ಮಾತು ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ನಾಲ್ಕು ಅಂದೆ. ಯಾವ ಲೆಕ್ಕದ ಮೇಲೆ ನಾಲ್ಕು ಅಂದೆನೋ ನನಗೇ ಗೊತ್ತಿಲ್ಲ. ಅತ್ತಿಗೆ ತಕರಾರು ತೆಗೆಯದೆ ಒಪ್ಪಿಕೊಂಡರು, ತಿಂಗಳು ತಿಂಗಳೂ ತಪ್ಪದೆ ಕೊಟ್ಟರು.

ಸುಮ ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆಯಲ್ಲಿ ಆ ಬಿಲ್ಲು ಬಂತು. ನಮ್ಮ ಮನೆಗೆ ಬರುತ್ತಿದ್ದ ಬಿಲ್ಲಿನ ಎಷ್ಟೋ ಪಟ್ಟು ಜಾಸ್ತಿ. ಅಪ್ಪ ಬೇರೆ ಯಾರದೋ ಮನೆಯದು ಇರಬೇಕು ಅಂದರು. ಹೆಸರು ನಮ್ಮದೇ. ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಪಕ್ಕದ ಮನೆಯ ಇಬ್ಬರು ಹೆಂಗಸರೂ ಬಂದು ಬಾಗಿಲಲ್ಲಿ ನಿಂತರು. ನಾನು ಬಿಲ್ಲು ಹಿಡಿದು ನೋಡಿದೆ. ಯೂನಿಟ್ಟು ವಿಪರೀತ ಇತ್ತು. ಯಾಕೆ ಅಂತ ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಅನ್ನುವುದಕ್ಕೆ ಒಂದು ಉಸಿರಿನಷ್ಟು ಹೊತ್ತು ಇತ್ತು — ಅದು ನನಗೆ ಚೆನ್ನಾಗಿ ನೆನಪಿದೆ, ಅಷ್ಟು ಹೊತ್ತು ಇತ್ತು — ಅದನ್ನು ದಾಟಿ ನಾನು ಹೇಳಿದೆ:

"ಬಲ್ಬು ಇಷ್ಟು ತಿನ್ನಲ್ಲ. ಇದು ಗ್ರೈಂಡರು ತಿಂದಿರೋದು."

ಅತ್ತಿಗೆ ನನ್ನ ಮೇಲೆ ರೇಗಲಿಲ್ಲ. ಹತ್ತಿರ ಬಂದು ಕೂತರು. "ಬೆಳಗ್ಗೆ ಒಂದೀಟು ಹೊತ್ತು ಹಾಕ್ತೀನಿ ಕಣವ್ವ. ಇನ್ನೊಂದ್ಸಲ ನೋಡು" ಅಂದರು.

ನಾನು ಇನ್ನೊಂದು ಸಲ ನೋಡಲಿಲ್ಲ. ಲೆಕ್ಕ ಲೆಕ್ಕಾನೇ ಅತ್ತಿಗೆ, ಅಂದೆ. ಅಷ್ಟಕ್ಕೇ ಬಿಡದೆ, ಮನೆಯ ಕರೆಂಟಿನಲ್ಲಿ ವ್ಯಾಪಾರ ಮಾಡಿದರೆ ಅಂಗಡಿ ದರ ಹಾಕುತ್ತಾರೆ, ಮೇಲೆ ದಂಡ ಬೇರೆ ಬೀಳುತ್ತದೆ ಅಂತ ಎಲ್ಲೋ ಕೇಳಿದ್ದನ್ನು ಸೇರಿಸಿದೆ. ನಾಗಣ್ಣ ಎದ್ದು ಹೋಗಿ ಗ್ರೈಂಡರಿನ ವೈರು ಕಿತ್ತ. "ಇಡ್ಲಿ ನೀವು ಮಾರ್ರಿ ಅತ್ತಿಗೆಮ್ಮ, ಬಿಲ್ಲು ನಾವು ಕಟ್ಟಾಣ" ಅಂದ. ಬಾಗಿಲಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓಣಿಯಲ್ಲಿ ಮಾತು ಹರಡಲು ಹೊತ್ತೇನೂ ಬೇಕಾಗಲಿಲ್ಲ. ಎಲ್ಲರ ಕರೆಂಟು ಉರಿಸಿ ದುಡ್ಡು ಮಾಡಿಕೊಂಡಳಂತೆ ಹನುಮಿ — ಈ ಮಾತು ಬಾವಿಕಟ್ಟೆಯಲ್ಲಿ ನನ್ನ ಕಿವಿಗೂ ಬಿತ್ತು. ಹೆಚ್ಚಿಗೆ ಬಂದ ಅಷ್ಟನ್ನೂ ಅತ್ತಿಗೆಯೇ ಕಟ್ಟಿದರು. ಗ್ರೈಂಡರು ಮಾರಿ ಕಟ್ಟಿದರು.

ಇಷ್ಟೇ ಆಗಿದ್ದರೆ ಇದು ಓದಿದವಳ ಒಂದು ದಡ್ಡತನ ಆಗಿ ಮುಗಿಯುತ್ತಿತ್ತು.

ಇನ್ನು ಈ ರಗಳೆ ಬೇಡ, ಬೇರೆ ಬೇರೆ ಮೀಟರು ತಗೊಳ್ಳಾಣ ಅಂತ ಅಪ್ಪ ಕೊನೆಗೂ ಒಪ್ಪಿ, ಅದರ ವಿಚಾರ ತಿಳಿದು ಬರಲು ಹಳೆಯ ಬಿಲ್ಲುಗಳನ್ನು ಕೊಟ್ಟು ನನ್ನನ್ನೇ ದುರ್ಗದ ಕರೆಂಟ್ ಆಫೀಸಿಗೆ ಕಳಿಸಿದರು. ಸರತಿಯಲ್ಲಿ ನಿಂತಿದ್ದಾಗ ಗೋಡೆಯ ಮೇಲಿನ ದರದ ಬೋರ್ಡು ಓದಿದೆ. ತಿಂಗಳಿಗೆ ಮೊದಲಿನ ಇಷ್ಟು ಯೂನಿಟ್ಟಿಗೆ ಒಂದು ದರ. ಅದನ್ನು ದಾಟಿದ್ದಕ್ಕೆ ಹೆಚ್ಚಿನ ದರ. ಇನ್ನೂ ದಾಟಿದ್ದಕ್ಕೆ ಇನ್ನೂ ಹೆಚ್ಚು. ಕೈಯಲ್ಲಿದ್ದ ಬಿಲ್ಲುಗಳನ್ನು ಆಗ ಮೊದಲ ಸಲ ಒಂದರ ಪಕ್ಕ ಒಂದು ಹಿಡಿದು ನೋಡಿದೆ. ಆ ದೊಡ್ಡ ಬಿಲ್ಲಿಗೆ ಹಿಂದಿನ ಆರೇಳು ತಿಂಗಳು ಒಂದೇ ಯೂನಿಟ್ಟು, ಅದೇ ಅಂಕಿ. ಮೀಟರು ಓದುವವನು ನಮ್ಮ ಮನೆಗೆ ಬಂದೇ ಇರಲಿಲ್ಲ. ಬಾಗಿಲು ಹಾಕಿತ್ತು ಅಂತ ಬರೆದುಕೊಂಡು ಅಂದಾಜಿನ ಬಿಲ್ಲು ಕಳಿಸಿದ್ದ. ಆಮೇಲೆ ಯಾರೋ ಹೊಸಬ ಬಂದು ಮೀಟರು ಇದ್ದದ್ದು ಇದ್ದಂತೆ ಬರೆದುಕೊಂಡಿದ್ದ. ಅಷ್ಟೂ ತಿಂಗಳು ಲೆಕ್ಕಕ್ಕೆ ಬಾರದೆ ಉಳಿದುಕೊಂಡಿದ್ದ ಯೂನಿಟ್ಟು ಒಂದೇ ತಿಂಗಳಲ್ಲಿ ಉರಿಸಿದಂತೆ ಲೆಕ್ಕವಾಗಿ, ಎಲ್ಲಕ್ಕೂ ಮೇಲಿನ ದರಕ್ಕೆ ಏರಿತ್ತು.

ಗ್ರೈಂಡರು ಏನೂ ತಿಂದಿರಲಿಲ್ಲ ಅಂತಲ್ಲ. ತಿಂದಿತ್ತು. ಅತ್ತಿಗೆ ಕೊಡುತ್ತಿದ್ದ ಪಾಲಿಗಿಂತ ಹೆಚ್ಚೇನೂ ಅಲ್ಲ.

ಕಿಟಕಿಯ ಆಚೆ ಕೂತಿದ್ದವರನ್ನು ಕೇಳಿದೆ. ಅವರಿಗೆ ಇದು ದಿನಾ ಬರುವ ವಿಷಯ. ಒಂದು ಅರ್ಜಿ ಕೊಡ್ರಿ, ತಿಂಗಳು ತಿಂಗಳಿಗೆ ಹಂಚಿ ಮತ್ತೆ ಲೆಕ್ಕ ಹಾಕ್ತೀವಿ, ಜಾಸ್ತಿ ಕಟ್ಟಿದ್ದು ಮುಂದಿನ ಬಿಲ್ಲಿನಾಗೆ ವಜಾ ಆಗ್ತದೆ ಅಂದರು. ಅಲ್ಲೇ ನಿಂತು ಬರೆದುಕೊಟ್ಟೆ. ಹಾಗೆ ಕೇಳಬಹುದು ಅಂತ ಬಿಲ್ಲು ಬಂದ ದಿನವೇ ಗೊತ್ತಿದ್ದರೆ... ಗೊತ್ತಿಲ್ಲ, ಕೇಳಿಕೊಂಡು ಬರ್ತೀನಿ ಅಂತಾದರೂ ಅಂದಿದ್ದರೆ.

ವಾಪಸು ಬರುವ ಬಸ್ಸಿನಲ್ಲಿ ಮನೆಗೆ ಹೋದ ತಕ್ಷಣ ಹೇಳಬೇಕು ಅಂದುಕೊಂಡೆ. ನಿಜವಾಗಿಯೂ ಅಂದುಕೊಂಡೆ. ಊರು ಹತ್ತಿರವಾದಂತೆ, ಪಡಸಾಲೆಯಲ್ಲಿ ನಿಂತು ನಾನು ಹೇಳಿದ್ದು ಸುಳ್ಳು ಅನ್ನುವ ನನ್ನನ್ನೇ ಕಂಡೆ. ನಾಳೆಯಿಂದ ಬಿಲ್ಲು ತಂದುಕೊಡುವ ಕೈಗಳು, ಅಪ್ಪನ ಮುಖ... ಆಫೀಸಿನಲ್ಲಿ ಏನಂದ್ರು ಅಂತ ಅಪ್ಪ ಕೇಳಿದಾಗ, ಮೂರು ಮೀಟರಿಗೆ ಖರ್ಚು ಜಾಸ್ತಿ ಐತಂತೆ ಅಂದುಬಿಟ್ಟೆ. ವಿಷಯ ಅಲ್ಲಿಗೆ ನಿಂತಿತು.

ಮುಂದಿನ ಬಿಲ್ಲುಗಳಲ್ಲಿ ವಜಾ ಆಗತೊಡಗಿತು. ಬಿಲ್ಲು ಅನ್ನುವುದು ಇಲ್ಲವೇ ಇಲ್ಲ ಅನ್ನುವಷ್ಟು ಇಳಿಯಿತು. ಅದನ್ನು ಓದಿ ಹೇಳಿದವಳೂ ನಾನೇ. ಮನೆಯವರು ಏನು ತಿಳಿದುಕೊಂಡರು ಗೊತ್ತೆ? ಗ್ರೈಂಡರು ಹೋಯಿತು, ಬಿಲ್ಲು ಇಳಿಯಿತು. ನೋಡು, ನಮ್ಮ ಲೀಲಾ ಸರಿಯಾಗಿ ಹೇಳಿದ್ದಳು ಅಂದಳು ಅವ್ವ. ಅತ್ತಿಗೆ ಅಲ್ಲೇ ಇದ್ದರು. ತಲೆ ಬಗ್ಗಿಸಿ ಅಕ್ಕಿ ಆರಿಸುತ್ತಿದ್ದರು. ತಮ್ಮ ಮೇಲೆ ತಮಗೇ ಅನುಮಾನ ಬಂದವರಂತೆ ಕಂಡರು ಆವತ್ತು. ಆ ವಜಾ ಆದ ದುಡ್ಡು ಅವರದು — ಅದನ್ನು ನಾವು ಮೂರೂ ಒಲೆಯವರು ಹಂಚಿಕೊಂಡೆವು. ಬಲ್ಬಿನ ಲೆಕ್ಕದಲ್ಲಿ.

ದುರ್ಗದ ಕಾಲೇಜಿನಲ್ಲಿ ಆಗ ಇನ್ನೂ ಅರ್ಜಿ ತಗೊಳ್ಳುತ್ತಿದ್ದರು. ಸುಮ ನನ್ನ ಹಳೆಯ ಪುಸ್ತಕಗಳಿಗೆ ರಟ್ಟು ಹಾಕಿ ಇಟ್ಟುಕೊಂಡಿದ್ದಳು. ನಾನು ಬಾಯಿ ಬಿಟ್ಟಿದ್ದರೆ ಅಪ್ಪ ಸಾಲ ಮಾಡಿಯಾದರೂ ಅತ್ತಿಗೆಗೆ ಗ್ರೈಂಡರು ತಂದುಕೊಡುತ್ತಿದ್ದರು, ಅಪ್ಪ ಅಂಥವರು. ನಾನು ಬಾಯಿ ಬಿಡಲಿಲ್ಲ. ಅರ್ಜಿಯ ಗಡುವು ಮುಗಿಯಿತು. ಬರುವ ವರ್ಷ ನೋಡೋಣ ಅಂದರು ಅತ್ತಿಗೆ. ಬರುವ ವರ್ಷ ಸುಮ ಹೊಲಿಗೆ ಕಲಿಯಲು ಹೋದಳು. ಎರಡು ವರ್ಷ ಕಳೆದ ಮೇಲೆ ಹೊಳಲ್ಕೆರೆಯ ಕಡೆಯವರು ಕೇಳಿಕೊಂಡು ಬಂದರು, ಮದುವೆ ಆಯಿತು. ನಾನು ಹೊಸದುರ್ಗದಲ್ಲಿ ಒಂದು ಸೊಸೈಟಿಗೆ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಆದವಳು ಇವತ್ತಿಗೂ ನಾನೊಬ್ಬಳೇ. ಆ ಮಾತನ್ನು ಹೆಮ್ಮೆಯಿಂದ ಹೇಳುತ್ತಿದ್ದೆ.

ಎಷ್ಟೋ ವರ್ಷ ಆದ ಮೇಲೆ ಹೊಳಲ್ಕೆರೆಯಿಂದ ಸುಮ ಫೋನ್ ಮಾಡಿದಳು. ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಅವರ ಮನೆ ನಾಲ್ಕೈದು ತಿಂಗಳು ಹಗಲೆಲ್ಲ ಬೀಗ ಹಾಕಿತ್ತು. ಈಗ ವಿಪರೀತ ಬಿಲ್ಲು ಬಂದಿದೆ ಅಂದಳು. ಹೋದೆ. ಬಿಲ್ಲು ನೋಡಿದ ಕೂಡಲೇ ತಿಳಿಯಿತು. ಬೀಗ ಹಾಕಿದ್ದಕ್ಕೆ ಅಂದಾಜು ಬಿಲ್ಲು, ತೆಗೆದ ಮೇಲೆ ಎಲ್ಲಾ ಒಟ್ಟಿಗೆ, ಅದಕ್ಕೇ ದರ ಏರಿದೆ, ಹಂಚಿಸಬಹುದು ಅಂತ ಬಿಡಿಸಿ ಹೇಳಿದೆ. ಅವಳ ಗಂಡನನ್ನು ಕರೆದುಕೊಂಡು ಹೋಗಿ ಅರ್ಜಿ ಕೊಡಿಸಿ ಬಂದೆ. "ನೋಡವ್ವ, ಮನೆಯಾಗೆ ಒಬ್ರು ಓದಿದೋರು ಇರ್ಬೇಕು ಅಂತ ಇದಕ್ಕೇ" ಅಂತ ಸುಮ ಖುಷಿಯಿಂದ ತನ್ನ ಅವ್ವನ ಕಡೆ ತಿರುಗಿ ಹೇಳಿದಳು.

ಮಗುವಿನ ಆರೈಕೆಗೆ ಮಗಳ ಜೊತೆ ಬಂದಿದ್ದ ಅತ್ತಿಗೆ ಮೊಮ್ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು.

ನನ್ನನ್ನು ಬಸ್ಸಿಗೆ ಕಳಿಸಲು ಅವರೊಬ್ಬರೇ ಬಂದರು. ಹೊಸದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತ ಮೇಲೆ, ನನ್ನ ಕಡೆ ನೋಡದೆ ಕೇಳಿದರು.

"ಅವತ್ತಿನ ಬಿಲ್ಲೂ ಹಿಂಗೇ ಏನು ಲೀಲಾ?"

"ಹೂಂ."

"ನಿಂಗೆ ಯಾವಾಗ ಗೊತ್ತಾತು?"

"ಆವಾಗ್ಲೇ ಅತ್ತಿಗೆ."

ಬಯ್ಯಲಿ ಅಂತ ಕಾದೆ. ಜನ ಇದ್ದರು, ಜನರ ಮುಂದೆಯೇ ಬಯ್ಯಲಿ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಬಸ್ಸು ಬಂದು ನಿಂತ ಮೇಲೆ ಹೇಳಿದರು: "ಸುಮಂಗೆ ಹೇಳ್ಬ್ಯಾಡ. ಓದಿದ್ರೆ ಅತ್ತೆಯಂಗೆ ಆಗ್ತಿದ್ದೆ ಅಂತ ಈಗ್ಲೂ ಅಂತಿರ್ತಾಳೆ. ಅದೊಂದು ಇರ್ಲಿ ಅವ್ಳಿಗೆ."

ನಾನು ಬಸ್ಸು ಹತ್ತಿದೆ.

ಅದಾದ ಮೇಲೆ ಆ ಮಾತನ್ನು ಪಾಲಿಸಿಕೊಂಡು ಬಂದೆ. ಪಾಲಿಸುವುದು ಸುಲಭವಾಗಿತ್ತು — ಸುಲಭವಾಗಿತ್ತು ಅನ್ನುವುದೇ ನನ್ನನ್ನು ಕಾಡತೊಡಗಿತು. ಅತ್ತಿಗೆ ಮಗಳಿಗೋಸ್ಕರ ಮುಚ್ಚಿಟ್ಟರು. ನಾನು ಅದರ ಮರೆಯಲ್ಲಿ ನಿಂತು ಓದಿದ ಅತ್ತೆಯ ಮರ್ಯಾದೆ ಉಣ್ಣುತ್ತಾ ಬಂದೆ. ಮೊದಲು ಅವರ ದುಡ್ಡು, ಆಮೇಲೆ ಅವರ ಒಳ್ಳೆಯತನ.

ಸುಮಾ, ನಿಮ್ಮವ್ವ ಇದನ್ನು ಓದಲಾರರು. ನೀನು ಓದುತ್ತೀಯ. ಅದು ಗೊತ್ತಿದ್ದೇ, ಅವರ ಮಾತು ಮೀರಿ ಬರೆದಿದ್ದೇನೆ. ಅವರ ಮೇಲೆ ಸಿಟ್ಟಾಗಬೇಡ. ನನ್ನ ಮೇಲೆ ಆಗು, ಎಷ್ಟು ಬೇಕೋ ಅಷ್ಟು ಆಗು, ನಾನು ಏನೂ ಹೇಳುವುದಿಲ್ಲ. ಬರುವ ಭಾನುವಾರ ಹಿರೇಗುಂಟನೂರಿಗೆ ಹೋಗುತ್ತೇನೆ. ನಾಗಣ್ಣನನ್ನೂ ಓಣಿಯವರನ್ನೂ ಕೂಡಿಸಿ ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಅದರಿಂದ ನಿನಗೆ ಏನೂ ವಾಪಸು ಬರುವುದಿಲ್ಲ, ಗೊತ್ತು. ಕಾಲೇಜಿಗೆ ಹೋಗಲಾಗದೆ ಇದ್ದದ್ದು ನಿನ್ನ ಹಣೆಬರಹ ಅಂತ ನೀನು ಎಷ್ಟೋ ಸಲ ನನ್ನ ಹತ್ತಿರವೇ ಹೇಳಿಕೊಂಡಿದ್ದೀಯ, ನಾನು ಹೌದು ಅನ್ನುವಂತೆ ತಲೆ ಆಡಿಸಿದ್ದೇನೆ. ಹಣೆಬರಹ ಅಲ್ಲ ಸುಮಾ. ಅದು ನಾನು.