ಮೇಣ ಮೆತ್ತಿದ ಹೂವು

ದೇವರು ಸರ್ವಶಕ್ತನು, ಅವನ ಚಿತ್ತವಿಲ್ಲದೆ ಲೋಕದಲ್ಲಿ ಒಂದು ಹೂವೂ ಉದುರುವುದಿಲ್ಲ. ಉದುರದಂತೆ ತಡೆಯುವುದಕ್ಕಾದರೋ ಒಂದು ಚಿಟಿಕೆ ಮೇಣ ಸಾಕು. ಮೇಣ ಮೆತ್ತಿದವನು ನಾನು. ಆ ಮೇಣದಿಂದಾಗಿ ನನ್ನ ತಮ್ಮ ಇನ್ನಾಸಿ ಗುರುವಾದ, ನಾನು ಸಂಸಾರಸ್ಥನಾದೆ.

ಬೆಳಗೊಳದ ಆಚೆ, ನಾಲೆಯ ಮಗ್ಗುಲಿಗೆ, ಕೆಲವೇ ಮನೆಗಳ ಕ್ರೈಸ್ತರ ಕೇರಿ ನಮ್ಮದು. ಮುತ್ತಜ್ಜನ ಕಾಲಕ್ಕೇ ನಮಗೆ ಜ್ಞಾನಸ್ನಾನವಾಗಿತ್ತು. ಆದರೆ ಆ ನೀರು ತಲೆಯ ಮೇಲೆ ಬಿದ್ದಷ್ಟು ಚೆನ್ನಾಗಿ ಪದ್ಧತಿಗಳ ಮೇಲೆ ಬಿದ್ದಿರಲಿಲ್ಲ. ಊರಿನವರು ಮದುವೆಗೋ ಬಾವಿ ತೋಡುವುದಕ್ಕೋ ಮುಂಚೆ ತಮ್ಮ ದೇವಿಯ ಮೈಗೆ ಒದ್ದೆ ಹೂವಂಟಿಸಿ ಅಪ್ಪಣೆ ಕೇಳುತ್ತಿದ್ದರು. ನಾವು ಮರಿಯಮಾತೆಯ ಹೆಗಲಿಗಂಟಿಸಿ ಕೇಳುತ್ತಿದ್ದೆವು. ನಮ್ಮ ಗುಡಿಯ ಗುರುಗಳು — ಚರ್ಚಿನ ಪಾದ್ರಿಗಳು, ನಾವು ಸ್ವಾಮಿಗಳು ಎನ್ನುವುದು — ಇದನ್ನು ಕಟುವಾಗಿ ಖಂಡಿಸಿದ್ದರು. ಆದ್ದರಿಂದ ಅವರು ಶ್ರೀರಂಗಪಟ್ಟಣಕ್ಕೆ ಹೋದ ದಿನ ಮಾತ್ರ ಕೇಳುತ್ತಿದ್ದೆವು.

ತೊಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪನಿಗೆ ಕಾಮಾಲೆಯಾಗಿ, ಬದುಕುವುದಿಲ್ಲವೆಂದಾಗ ಅವ್ವ ಹರಕೆ ಹೊತ್ತಳು — ಗಂಡ ಎದ್ದರೆ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ದೇವರ ಸೇವೆಗೆ. ಅಪ್ಪ ಎದ್ದ. ಎದ್ದವನು ಹರಕೆಯ ವಿಷಯ ಕೇಳಿ, "ನನ್ನ ಒಂದ್ ಮಾತ್ ಕೇಳ್ದೆ ಯಾಕಮ್ಮಿ ಹೊತ್ಕಂಡೆ?" ಎಂದು ಜಗಳಕ್ಕೂ ನಿಂತ, ಹೀಗೆ ಅವನ ಆರೋಗ್ಯ ಸಂಪೂರ್ಣವೆಂದು ಖಚಿತವಾಯಿತು.

"ಇಬ್ರೂ ನನ್ ಮಕ್ಳೇ. ಯಾರು ಅಂತ ನಾನೆಂಗ್ ಯೋಳ್ಲಿ? ಆ ತಾಯೇ ಯೋಳ್ಲಿ," ಎಂದಳು ಅವ್ವ. "ಬಲಗಡೆ ದೊಡ್ಡೋನ್ದು, ಎಡಗಡೆ ಚಿಕ್ಕೋನ್ದು. ಯಾರ್ ಹೂ ಬೀಳ್ತದೋ ಅವ್ನು ಮಾತೆ ಪಾಲು."

ನನಗೆ ಮದುವೆಯ ಆಸೆಯಿತ್ತು. ಯಾರೊಂದಿಗೆ ಎಂಬುದು ಇನ್ನೂ ಗೊತ್ತಿರಲಿಲ್ಲ, ಆದರೆ ಆಸೆ ಬಲವಾಗಿತ್ತು. ಇನ್ನಾಸಿಯ ಆಸೆ ಬೇರೆ. ಅವನು ಪಾಂಡವಪುರದಲ್ಲಿ ಸಾಬರೊಬ್ಬರ ಗ್ಯಾರೇಜಿನಲ್ಲಿ ಟ್ರಾಕ್ಟರು ರಿಪೇರಿ ಕಲಿಯುತ್ತಿದ್ದ. ಚಿನಕುರಳಿಯಲ್ಲಿ ಸ್ವಂತ ಗ್ಯಾರೇಜು ಹಾಕುವವನಿದ್ದ. ಅದರ ಹೆಸರನ್ನು ಕೂಡ ಯೋಚಿಸಿಟ್ಟಿದ್ದ.

ಸ್ವಾಮಿಗಳು ಊರಲ್ಲಿರದ ದಿನ ಗುಡಿಗೆ ಹೋದೆವು. ಎತ್ತರದವನಾದ್ದರಿಂದ ಹೂವಂಟಿಸುವ ಕೆಲಸ ನನಗೇ ಬಂತು. ಎರಡು ಕಣಗಿಲೆ ಹೂವು. ಎಡಗಡೆಯದನ್ನು ನೀರಿನಲ್ಲದ್ದಿ ಅಂಟಿಸಿದೆ. ಬಲಗಡೆಯದನ್ನು ಅಂಟಿಸುವಾಗ — ಕೈ ಹತ್ತಿರವೇ ಮೇಣದಬತ್ತಿ ಉರಿಯುತ್ತಿತ್ತು — ಹೆಬ್ಬೆರಳು ತಾನಾಗಿ... ಇಲ್ಲ, ಹೆಬ್ಬೆರಳು ತಾನಾಗಿ ಏನನ್ನೂ ಮಾಡುವುದಿಲ್ಲ.

ಮೊಣಕಾಲೂರಿ ಕೂತೆವು. ಮಧ್ಯಾಹ್ನ. ನಾಲೆಯ ನೀರಿನ ಬೆಳಕು ಬಾಗಿಲಿನಿಂದ ಒಳಬಂದು ಗೋಡೆಯ ಮೇಲೆ ತೂಗುತ್ತಿತ್ತು. ಮಾತೆ ನೀರಿನೊಳಗೆ ನಿಂತಂತೆ, ನಾವೆಲ್ಲ ಅದರ ತಳದಲ್ಲಿ ಕೂತಂತೆ... ಅವ್ವನ ತುಟಿ ಅಲುಗುತ್ತಿದ್ದುದು ಕಾಣುತ್ತಿತ್ತು, ಜಪ ಎಲ್ಲೋ ದೂರದಿಂದ ಕೇಳುತ್ತಿತ್ತು. ಆ ನಿದ್ದೆಯಂಥ ಬೆಳಕಿನಲ್ಲಿ ನಾನು ದೇವರೊಡನೆ ಒಂದು ಕರಾರು ಮಾಡಿಕೊಂಡೆ: ನೀನು ಸರ್ವಶಕ್ತ. ಕಡಲನ್ನೇ ಸೀಳಿದವನಿಗೆ ಈ ಮೇಣ ಯಾವ ಲೆಕ್ಕ? ನಾನೇ ಬೇಕೆಂದಿದ್ದರೆ ಕರಗಿಸಿಬಿಡು — ಬೇಸಗೆ ಬೇರೆ ಇದೆ, ಹೆಚ್ಚು ಶ್ರಮವಾಗದು.

ಎಡಗಡೆಯ ಹೂವು ಬಿತ್ತು. ಸದ್ದೇ ಇಲ್ಲದೆ, ತೇಲಿದ ಹಾಗೆ.

"ನಂದೇ ಕಣಣ್ಣ," ಎಂದ ಇನ್ನಾಸಿ. ನಗುವುದಕ್ಕೆ ಪ್ರಯತ್ನಿಸಿದ.

ಕೆಲಸ ಬಿಡುವುದನ್ನು ಹೇಳಲು ಗ್ಯಾರೇಜಿಗೆ ಹೋದಾಗ ಸಾಬರು ಮಾತ್ರ ನಗಲಿಲ್ಲ. "ಅಲ್ಲ ಕಣ್ಲಾ, ಇಂಜಿನ್ ಕೆಮ್ಮಿದ್ರೆ ಸಾಕು, ರೋಗ ಯೋಳ್ತೀಯ. ನಿನ್ ರೋಗ ಏನ್ಲಾ? ಸ್ಪ್ಯಾನರ್ ಬುಟ್ಟು ಹೋಗ್ಬೇಕು ಅಂತ ನಿಂಗೇ ಐತಾ?" ಎಂದರು. ಇನ್ನಾಸಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

ಇಲ್ಲಿಯವರೆಗಿನದನ್ನು ಹುಡುಗಾಟವೆಂದು ಯಾರಾದರೂ ಮನ್ನಿಸಿಯಾರು. ಮುಂದಿನದನ್ನು ಮನ್ನಿಸುವುದು ಕಷ್ಟ. ಗುರುಗಳಾಗಲು ಓದುವ ಗುರುಮಠಕ್ಕೆ ಕಳಿಸುವ ಮುನ್ನ ಸ್ವಾಮಿಗಳು ಇನ್ನಾಸಿಯನ್ನು ಕರೆಸಿದರು. ಜೊತೆಗೆ ನಾನೂ ಹೋದೆ. ಹೂವಿನ ವಿಷಯ ಅವರಿಗೆ ತಿಳಿಯದು.

"ನಿನ್ನ ಇಷ್ಟದಿಂದಲೇ ಹೋಗ್ತಾ ಇದ್ದೀಯೇನಪ್ಪ?"

"ದೇವ್ರ ಇಷ್ಟ ಸ್ವಾಮಿ."

"ದೇವರ ಇಷ್ಟ ದೇವರಿಗಿರಲಿ. ನಾನು ಕೇಳಿದ್ದು ನಿನ್ನದು. ಆತನಿಗೆ ಎಲ್ಲವೂ ಸಾಧ್ಯ, ಆದರೂ ಒಬ್ಬರ ಮನಸ್ಸಿನ ಬಾಗಿಲನ್ನು ಒದ್ದು ಒಳಗೆ ಬರೋನಲ್ಲ. ಒಳಗಿನಿಂದ ನೀನೇ ತೆಗೀಬೇಕು."

ಇನ್ನಾಸಿ ನನ್ನ ಮುಖ ನೋಡಿದ. ಆ ನೋಟದಲ್ಲಿ ಒಂದು ಪ್ರಶ್ನೆಯಿತ್ತು — ಬಹುಶಃ, ಅಣ್ಣ, ಇಲ್ಲ ಅನ್ಬೌದಾ ಎಂದು... ನಾನು ಬಾಯಿ ತೆರೆದೆ. "ಒಪ್ಕಂಡವ್ನೆ ಸ್ವಾಮಿ," ಎಂದೆ.

ಸರ್ವಶಕ್ತನೇ ಮಾಡದ ಕೆಲಸವನ್ನು ನಾನು ಎರಡು ಮಾತಿನಲ್ಲಿ ಮುಗಿಸಿದೆ.

ಇನ್ನಾಸಿ ಒಳ್ಳೆಯ ಗುರುವೆಂದು ಹೆಸರಾದ. ನಾನು ಮದುವೆಯಾದೆ, ಮಕ್ಕಳಾದವು. ವರ್ಷವರ್ಷವೂ ಪಾಪನಿವೇದನೆಯಲ್ಲಿ ಸಣ್ಣಪುಟ್ಟ ಪಾಪಗಳನ್ನೆಲ್ಲ ಶ್ರದ್ಧೆಯಿಂದ ಹೇಳುತ್ತ ಬಂದೆ. ಇದನ್ನು ಪಾಪಗಳ ಸಾಲಿಗೆ ಸೇರಿಸಿರಲಿಲ್ಲ. ಮೇಣ ಕರಗಲಿಲ್ಲವಲ್ಲ — ಎಂದಮೇಲೆ ಅದು ದೈವಚಿತ್ತ. ಬಲು ಅನುಕೂಲದ ದೇವತಾಶಾಸ್ತ್ರ.

ಹೋದ ವರ್ಷ ಅವ್ವ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ನಾವಿಬ್ಬರೂ ನಾಲೆಯ ಏರಿಯ ಮೇಲೆ ಕೂತಿದ್ದೆವು. ಯಾಕೋ, ಹೇಳಿದೆ. ಮೇಣ, ಹೆಬ್ಬೆರಳು, ಎಲ್ಲ.

"ಅವ್ವ ಇದ್ದಾಗ ಯೋಳ್ಬೌದಿತ್ತಲ್ಲಣ್ಣ. ಹರಕೆ ಅವ್ಳ್ದು. ಅವ್ಳೇ ಬುಡ್ಸಬೌದಿತ್ತು."

"ದೇವ್ರು ಮನ್ಸ್ ಮಾಡಿದ್ರೆ ಆ ಮೇಣ ಕರಗ್ತಿತ್ತು ಕಣೋ..."

"ದೇವ್ರ ಮ್ಯಾಕೆ ಆಕ್ಬ್ಯಾಡ." ದನಿ ಏರಲಿಲ್ಲ. "ಮಾತೆ ಕರೆದ್ಲು ಅಂದ್ಕಂಡೇ ದಿನಾ ಎದ್ದಿವ್ನಿ. ನನ್ನೇ ಕೇಳಿದ್ರೆ ಹೂಂ ಅಂತಿದ್ನೋ ಏನೋ. ಅಂತಿದ್ನಾ ಇಲ್ವಾ ಅನ್ನೋದು ನಂಗೇ ಗೊತ್ತಾಗ್ದಂಗೆ ಮಾಡ್ಬುಟ್ಟೆ."

ಕ್ಷಮಿಸೆಂದು ಕೇಳಬಹುದಿತ್ತು, ಆದರೆ ಕ್ಷಮಿಸುವುದು ಅವನ ಉದ್ಯೋಗ, ಕೇಳಿದರೆ ಕೊಡಲೇಬೇಕು. ಆ ಬಲವಂತವನ್ನೂ ಅವನ ಮೇಲೆ ಹೊರಿಸುವುದೇ ಎಂದು ಕೇಳಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಅವನು ಹೊರಟ. ಈಗಲೂ ಗುರುವಾಗಿಯೇ ಇದ್ದಾನೆ. ನಮ್ಮ ಮನೆಗೆ ಬರುವುದಿಲ್ಲ.