ರುಕ್ಮಿಣಿಬಾಯಿಯವರ ಇಪ್ಪತ್ತು ಸೂಚನೆಗಳು

1986ರಲ್ಲಿ ನಾನು ಮದರಾಸಿನ ರಾಯಪುರಂನಲ್ಲಿ, ಬಂದರಿನ ಗೋಡೆಗೆ ಎದುರಾಗಿದ್ದ ಒಂದು ಸರಕು ಸಾಗಣೆ ಕಂಪನಿಯಲ್ಲಿ ಇ.ಡಿ.ಪಿ. ಅಧಿಕಾರಿಯಾಗಿದ್ದೆ. ಇ.ಡಿ.ಪಿ. ಎಂದರೆ ಎಲೆಕ್ಟ್ರಾನಿಕ್ ಡೇಟಾ ಪ್ರೊಸೆಸಿಂಗ್. ಕಂಪ್ಯೂಟರ್ ವಿಭಾಗಕ್ಕೆ ಆ ಕಾಲದಲ್ಲಿ ಹಾಗೆ ಹೇಳುತ್ತಿದ್ದರು. ವಿಭಾಗವೆಂದರೆ ನಾನೊಬ್ಬನೇ. ವಯಸ್ಸು ಮೂವತ್ತೊಂದು, ಊರು ತುಮಕೂರು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ದೊಡ್ಡ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಬರೆಯುವ ಕೋಬಾಲ್ ಭಾಷೆಯನ್ನು ಆರು ತಿಂಗಳು ಕಲಿತು ಸರ್ಟಿಫಿಕೇಟು ಹಿಡಿದು ಬಂದಿದ್ದೆ. ಮೇಜಿನ ಮೇಲಿಡುವ ಪರ್ಸನಲ್ ಕಂಪ್ಯೂಟರನ್ನು ಅಲ್ಲಿಯವರೆಗೆ ಮುಟ್ಟಿಯೇ ಇರಲಿಲ್ಲ. ಈ ಸತ್ಯವನ್ನು ಕಂಪನಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಕಂಪನಿ ಎರಡು ಪಿ.ಸಿ. ಕೊಂಡಿತ್ತು. ಅವಕ್ಕೆ ಹಾರ್ಡ್ ಡಿಸ್ಕ್ ಇರಲಿಲ್ಲ. ಎರಡೆರಡು ಫ್ಲಾಪಿ ಡ್ರೈವ್ ಮಾತ್ರ. ಎ ಡ್ರೈವಿನಲ್ಲಿ ಪ್ರೋಗ್ರಾಮಿನ ಫ್ಲಾಪಿ, ಬಿ ಡ್ರೈವಿನಲ್ಲಿ ನಾವು ಬರೆದದ್ದು ಉಳಿಯುವ ಫ್ಲಾಪಿ. ಒಂದು ಫ್ಲಾಪಿಯಲ್ಲಿ 360 ಕೆ.ಬಿ. ಹಿಡಿಸುತ್ತಿತ್ತು. ಈಗ ಫೋನಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಕೂರುವುದಿಲ್ಲ. ಆ ಎ.ಸಿ. ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಆ ನಿಯಮ ಮಾಡಿದವನೂ ನಾನೇ. ಗೊತ್ತಿಲ್ಲದವನಿಗೆ ನಿಯಮ ಮಾಡುವುದು ಬಹಳ ಸುಲಭ.

ಟೈಪಿಂಗ್ ವಿಭಾಗದಲ್ಲಿ ಆರು ಜನರಿದ್ದರು. ಅವರಲ್ಲಿ ಹಿರಿಯರು ರುಕ್ಮಿಣಿಬಾಯಿ. ನಲವತ್ತಮೂರು ವರ್ಷ, ಹತ್ತೊಂಬತ್ತು ವರ್ಷದ ಸರ್ವಿಸು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇದ್ದ ಮಾಧ್ವ ಕುಟುಂಬದವರು. ಆಫೀಸಿನಲ್ಲಿ ಕನ್ನಡ ಬರುತ್ತಿದ್ದದ್ದು ಅವರಿಗೆ ಮತ್ತು ನನಗೆ, ಇಬ್ಬರಿಗೇ. ಅವರ ಕನ್ನಡದಲ್ಲಿ ‘ಹೋಯಿತು’ ಎನ್ನಲು ಪೋಚ್, ‘ಆಮೇಲೆ’ ಎನ್ನಲು ಅಪ್ಪುರಂ ಎಂದು ತಮಿಳು ನುಸುಳುತ್ತಿತ್ತು. ದಿನಾ ಮಧ್ಯಾಹ್ನ ಮೂರರಿಂದ ಐದರವರೆಗೆ ಪಿ.ಸಿ.ಯಲ್ಲಿ ಟೈಪ್ ಮಾಡಲು ಅವರಿಗೆ ಅನುಮತಿ ಇತ್ತು. ಪತ್ರ ಬರೆಯಲು ಆಗ ಬಳಸುತ್ತಿದ್ದ ಸಾಫ್ಟ್‌ವೇರ್ ವರ್ಡ್‌ಸ್ಟಾರ್. ಮೌಸ್ ಇಲ್ಲ, ಚಿತ್ರವಿಲ್ಲ. ಕಂಟ್ರೋಲ್ ಕೀ ಒತ್ತಿ ಇನ್ನೆರಡು ಅಕ್ಷರ ಒತ್ತಿದರೆ ಒಂದೊಂದು ಕೆಲಸವಾಗುತ್ತಿತ್ತು. ಆಕೆ ಅದನ್ನು ತಾವಾಗಿಯೇ ಕಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಕಲಿಸುವವನ ಮುಖ ಮಾಡಿಕೊಂಡಿರುತ್ತಿದ್ದೆ.

ಒಂದು ದಿನ ನಾನೇ ಅಪಾಯಕಾರಿ ಸರಕುಗಳ ಕೈಪಿಡಿಯೊಂದನ್ನು ಟೈಪ್ ಮಾಡುತ್ತಿದ್ದೆ. ಬೆಳಗ್ಗೆಯಿಂದ ಕುಳಿತು ಮೂವತ್ತೆರಡು ಪುಟ ಮುಗಿಸಿದ್ದೆ. ಸೇವ್ ಮಾಡಲು ಹೋದರೆ ಪರದೆಯ ಮೇಲೆ ‘ಡಿಸ್ಕ್ ಫುಲ್’ ಎಂದು ಬಂತು. ಯಾವ ಕೀ ಒತ್ತಿದರೂ ಅದೇ ಮಾತು. ನನ್ನ ಕೈ ಮಿಷನ್ನಿನ ಹಿಂದಿನ ಸ್ವಿಚ್ಚಿಗೆ ಹೋಯಿತು.

“ಆಫ್ ಮಾಡಬೇಡಿ ಸಾರ್! ಕೊಂಚ ಇರಿ,” ಎಂದು ರುಕ್ಮಿಣಿಬಾಯಿ ಓಡಿ ಬಂದರು. “ಆಫ್ ಮಾಡಿದ್ರೆ ಎಲ್ಲಾ ಪೋಚ್. ಕಂಟ್ರೋಲ್ ಕೆ ಜೆ ಒತ್ತಿ. ಬೇಡದ ಹಳೇ ಫೈಲ್ ಒಂದರ ಹೆಸರು ಕೊಡಿ. ಅದು ಅಳಿದ್ರೆ ಜಾಗ ಆಗತ್ತೆ. ಅಪ್ಪುರಂ ಸೇವ್ ಮಾಡಿ.”

ಹಾಗೇ ಮಾಡಿದೆ. ಮೂವತ್ತೆರಡು ಪುಟವೂ ಉಳಿಯಿತು. ಬರೆಯುತ್ತಿರುವಾಗಲೇ ಬೇರೊಂದು ಫೈಲನ್ನು ಅಳಿಸಬಹುದೆಂಬುದು ನನಗೆ ಗೊತ್ತಿರಲಿಲ್ಲ. “ಇದೆಲ್ಲಾ ಎಲ್ಲಿ ಕಲಿತಿರಿ?” ಎಂದು ಕೇಳಿದೆ. ಆಕೆ ಕೈಚೀಲದಿಂದ ಉದ್ದನೆಯ ಒಂದು ನೋಟ್‌ಬುಕ್ ತೆಗೆದರು. ಏನೇನು ಒತ್ತಿದರೆ ಏನೇನಾಯಿತು ಎಂದು ದಿನದಿನವೂ ಬರೆದಿಟ್ಟಿದ್ದರು. ಎಲ್ಲವೂ ಕನ್ನಡದಲ್ಲಿ. ಕೀಗಳ ಹೆಸರುಗಳೂ ಕನ್ನಡ ಅಕ್ಷರದಲ್ಲೇ. ಏಕೆಂದು ಕೇಳಿದ್ದಕ್ಕೆ ನಕ್ಕರು. “ಹತ್ತೊಂಬತ್ತು ವರ್ಷ ಇಂಗ್ಲಿಷ್ ಟೈಪ್ ಮಾಡಿದೀನಿ ಸಾರ್. ಇಂಗ್ಲಿಷ್ ಆದ್ರೆ ಬೆರಳಿಗೆ ಹೋಗತ್ತೆ, ತಲೆಗೆ ಹೋಗಲ್ಲ.”

ಆ ವಾರ ಆಕೆ ತಮ್ಮ ಮನೆಗೆ ಊಟಕ್ಕೆ ಕರೆದರು. ಆಫೀಸಿನಿಂದ ಹತ್ತು ನಿಮಿಷದ ನಡಿಗೆ. ಪತಿ ಗೋಪಾಲರಾಯರಿಗೆ ಎರಡೂ ಕೈ ನಡುಗುವ ಕಾಯಿಲೆ. ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ರುಕ್ಮಿಣಿಬಾಯಿ ದಿನಾ ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಬಂದು ಅವರಿಗೆ ಉಣ್ಣಿಸಿ, ತಾವೂ ಎರಡು ತುತ್ತು ತಿಂದು, ಓಡೋಡಿ ಆಫೀಸಿಗೆ ಬರುತ್ತಿದ್ದರು. ರಾಯರು ಬಹಳ ತಮಾಷೆಯ ಮನುಷ್ಯ. “ನೋಡಿ ಮೂರ್ತಿ, ನಂದೂ ದಿನವಿಡೀ ಟೈಪಿಂಗೇ. ಪೇಪರ್ ಒಂದು ಹಾಕಿಲ್ಲ, ಅಷ್ಟೇ,” ಎಂದು ನಡುಗುವ ಬೆರಳು ತೋರಿಸಿ ನಕ್ಕರು. ಅವರ ಮನೆಯ ಹುಳಿ ಅನ್ನ ಎರಡು ಸಲ ಬಡಿಸಿಕೊಂಡು ತಿಂದೆ. ಅದನ್ನು ಇಲ್ಲಿ ಏಕೆ ಬರೆಯುತ್ತಿದ್ದೇನೆಂದರೆ, ಮುಂದೆ ಮಾಡಿದ್ದನ್ನು ನಾನು ಗೊತ್ತಿಲ್ಲದೆ ಮಾಡಲಿಲ್ಲ.

ಎರಡು ತಿಂಗಳಾದ ಮೇಲೆ ನಮ್ಮ ಮ್ಯಾನೇಜರ್ ಸುಂದರೇಶನ್ ಒಂದು ನೋಟೀಸು ಹಾಕಿದರು. ಟೈಪಿಂಗ್ ವಿಭಾಗ ಮುಚ್ಚುತ್ತದೆ. ಪರೀಕ್ಷೆಯಲ್ಲಿ ಗೆದ್ದ ಮೂವರು ರಾಯಪುರಂನಲ್ಲೇ ಕಂಪ್ಯೂಟರ್ ಆಪರೇಟರ್ ಆಗುತ್ತಾರೆ. ಉಳಿದ ಮೂವರು ಎಣ್ಣೂರಿನ ಗೋದಾಮಿಗೆ. ಎಣ್ಣೂರಿಗೆ ಹೋದರೆ ಬೆಳಗ್ಗೆ ಏಳಕ್ಕೆ ಮನೆ ಬಿಟ್ಟವರು ಸಂಜೆ ಏಳಕ್ಕೆ ಬರಬೇಕು. ರುಕ್ಮಿಣಿಬಾಯಿಗೆ ಆ ಪರೀಕ್ಷೆಯೆಂದರೆ ಗಂಡನ ಮಧ್ಯಾಹ್ನದ ಊಟ.

ಸುಂದರೇಶನ್ ನನ್ನನ್ನು ಕರೆದು, ಪಿ.ಸಿ. ಬಳಸುವವರಿಗೆ ಉಪಯುಕ್ತವಾದ ಇಪ್ಪತ್ತು ಸೂಚನೆ ಬರೆದುಕೊಡಿ ಎಂದರು. ಪ್ರಶ್ನೆಪತ್ರಿಕೆಯನ್ನು ಅದರಿಂದಲೇ ತೆಗೆಯುತ್ತೇನೆ, ಪರೀಕ್ಷೆ ಮುಗಿಯುವವರೆಗೆ ಯಾರಿಗೂ ತೋರಿಸಬೇಡಿ, ಆಮೇಲೆ ಅಚ್ಚು ಹಾಕಿಸಿ ಎಲ್ಲ ಶಾಖೆಗಳಿಗೂ ಕಳಿಸೋಣ ಎಂದರು. ನನಗೆ ಗೊತ್ತಿದ್ದದ್ದು ನಾಲ್ಕೋ ಐದೋ. ನಾನು ರುಕ್ಮಿಣಿಬಾಯಿಯ ಬಳಿ ಹೋಗಿ, “ನಿಮ್ಮ ಪುಸ್ತಕ ಎರಡು ದಿನ ಕೊಡಿ, ತಪ್ಪಿದ್ದರೆ ತಿದ್ದಿಕೊಡ್ತೀನಿ,” ಎಂದೆ. ಆಕೆ ಸಂತೋಷದಿಂದ ಕೊಟ್ಟರು.

ಮನೆಯಲ್ಲಿ ಕುಳಿತು ಇಂಗ್ಲಿಷಿಗೆ ಇಳಿಸಿದೆ. ಹತ್ತು ನಿಮಿಷಕ್ಕೊಮ್ಮೆ ಕಂಟ್ರೋಲ್ ಕೆ ಎಸ್ ಒತ್ತಿ ಸೇವ್ ಮಾಡಿ. ಕರ್ಸರ್ ಮೊದಲ ಪುಟಕ್ಕೆ ಓಡಿದರೆ ಗಾಬರಿ ಬೇಡ, ಕಂಟ್ರೋಲ್ ಕ್ಯು ಪಿ ಒತ್ತಿದರೆ ಇದ್ದಲ್ಲಿಗೇ ಬರುತ್ತದೆ. ಫೈಲ್ ಕೆಟ್ಟರೆ ಅದರ ಬ್ಯಾಕಪ್ ಪ್ರತಿಗೆ ಬೇರೆ ಹೆಸರಿಟ್ಟು ತೆರೆಯಿರಿ. ಫ್ಲಾಪಿಯ ಚೀಟಿಗೆ ಅಂಟಿಸುವ ಮೊದಲೇ ಹೆಸರು ಬರೆಯಿರಿ. ಅಂಟಿಸಿದ ಮೇಲೆ ಬಾಲ್‌ಪೆನ್ನು ಒತ್ತಿದರೆ ಒಳಗೆ ಗೀರು ಬೀಳುತ್ತದೆ. ಫ್ಲಾಪಿ ಹಪ್ಪಳದ ಹಾಗೆ: ಮಡಚಬಾರದು, ನೀರು ತಾಗಬಾರದು, ಮೇಲೆ ಭಾರ ಹೇರಬಾರದು; ಆದರೆ ಹಪ್ಪಳದಂತೆ ಬಿಸಿಲಿಗೆ ಮಾತ್ರ ಹಾಕಬಾರದು. ಆ ಹಪ್ಪಳವನ್ನೂ ಬಿಡದೆ ಎತ್ತಿಕೊಂಡೆ. ಕೊನೆಗೆ ಕೆಳಗೆ ನನ್ನ ಹೆಸರು ಹಾಕಿದೆ. ಪುಸ್ತಕವನ್ನು ಹಿಂದಿರುಗಿಸುವಾಗ ಕೊನೆಯ ಹಾಳೆಯಲ್ಲಿ ಕೆಂಪು ಇಂಕಿನಲ್ಲಿ ದೊಡ್ಡ ಮೇಷ್ಟ್ರ ಹಾಗೆ ‘ಚೆನ್ನಾಗಿದೆ’ ಎಂದು ಬರೆದುಕೊಟ್ಟೆ. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಸುಂದರೇಶನ್‌ಗೆ ಹಪ್ಪಳ ಬಹಳ ಹಿಡಿಸಿತು. “ಅಪ್ಪಳಂ! ಪ್ರಮಾದಂ ಮೂರ್ತಿ!” ಎಂದು ಬೆನ್ನು ತಟ್ಟಿದರು. ತಮಿಳಿನಲ್ಲಿ ಪ್ರಮಾದಂ ಎಂದರೆ ಅಮೋಘ.

ಪರೀಕ್ಷೆ ನಡೆಯಿತು. ಮೂರನೆಯ ದಿನ ನನಗೆ ಕರೆ ಬಂತು. ಸುಂದರೇಶನ್ ಅವರ ಮೇಜಿನ ಮೇಲೆ ರುಕ್ಮಿಣಿಬಾಯಿಯ ಉತ್ತರಪತ್ರಿಕೆ, ಪಕ್ಕದಲ್ಲಿ ನನ್ನ ಇಪ್ಪತ್ತು ಸೂಚನೆ. ಎದುರಿಗೆ ಆಕೆ ನಿಂತಿದ್ದರು. ಉತ್ತರಗಳು ಸೂಚನೆಗಳಿಗೆ ಸಾಲಿಗೆ ಸಾಲು ಹೊಂದುತ್ತಿದ್ದವು. ಹಪ್ಪಳ ಕೂಡ ಅಲ್ಲಿತ್ತು.

“ಇವರು ಇದನ್ನೆಲ್ಲ ಮೊದಲೇ ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದರಂತೆ,” ಎಂದು ಸುಂದರೇಶನ್ ತಮಿಳಿನಲ್ಲಿ ಹೇಳಿದರು. ಧ್ವನಿ ತಣ್ಣಗಿತ್ತು. “ನನಗೆ ಹಾಗೆ ಕಾಣುವುದಿಲ್ಲ. ನೀವಿಬ್ಬರೂ ಕನ್ನಡದವರು. ಸೂಚನೆ ಹೊರಗೆ ಹೋಗಿದ್ದರೆ ಯಾರಿಂದ ಹೋಯಿತು ಎಂದು ನಾನು ಬರೆದು ಕಳಿಸಬೇಕಾಗುತ್ತದೆ.” ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದರು. “ಪಡಿಂಗೊ. ಓದಿ, ಏನಿದೆ ಹೇಳಿ.”

ನನ್ನ ಮುಂದೆ ಎರಡು ದಾರಿ ಇದ್ದವು. ಇವೆಲ್ಲ ಈಕೆಯದೇ, ನಾನು ಕದ್ದೆ ಎನ್ನಬೇಕು; ಇಲ್ಲವೇ ಸುಮ್ಮನಿರಬೇಕು. ಪ್ರೊಬೇಷನ್ ಮುಗಿಯಲು ಇನ್ನು ಐದು ವಾರ ಇತ್ತು. ನೋಟ್‌ಬುಕ್ ತೆರೆದೆ. ನನ್ನ ಹಣೆಬರಹವೋ ಏನೋ, ತೆರೆದುಕೊಂಡದ್ದು ಗೋಪಾಲರಾಯರ ಮಾತ್ರೆಗಳ ಪುಟ. ಹಣೆಬರಹ ಎಂದೆನಲ್ಲ, ಅದೂ ಸುಳ್ಳು. ಆ ಪುಟ ಎಲ್ಲಿದೆ ಎಂದು ನನಗೆ ಗೊತ್ತಿತ್ತು.

“ಮನೆ ವಿಷಯ ಸಾರ್. ಮಾತ್ರೆ ಕೊಡುವ ಹೊತ್ತು ಬರೆದಿದ್ದಾರೆ,” ಎಂದೆ.

ರುಕ್ಮಿಣಿಬಾಯಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಮೆಲ್ಲಗೆ ಹೇಳಿದರು: “ಇನ್ನೂ ನಾಲ್ಕು ಹಾಳೆ ತಿರುಗಿಸಿ ಸಾರ್.”

ತಿರುಗಿಸಿದೆ. ದುಂಡಗಿನ ಅಕ್ಷರದಲ್ಲಿ ಇತ್ತು: ‘ಡಿಸ್ಕ್ ಫುಲ್ ಬಂದರೆ ಆಫ್ ಮಾಡಕೂಡದು. ಕಂಟ್ರೋಲ್ ಕೆ ಜೆ.’ ಮೇಲೆ ಕನ್ನಡ ಅಂಕಿಯಲ್ಲಿ ತಾರೀಖೂ ಇತ್ತು. ಓದಿದೆ. ಓದಿ, “ಇಲ್ಲೂ ಅದೇ ಸಾರ್,” ಎಂದು ಪುಸ್ತಕ ಮುಚ್ಚಿದೆ.

ಆಕೆ ವಾದ ಮಾಡಬಹುದಿತ್ತು. ತಮಿಳು ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಆ ಕೋಣೆಯಲ್ಲಿ ಅವರಿಗಿದ್ದ ಒಬ್ಬನೇ ಸಾಕ್ಷಿ ನಾನು. ನನ್ನ ಮುಖವನ್ನು ಒಮ್ಮೆ ನೋಡಿದರು. ಬೈಗುಳವಾಗಲಿ ಕಣ್ಣೀರಾಗಲಿ ಇರಲಿಲ್ಲ. ಅಷ್ಟು ಹೊತ್ತೂ ನನ್ನ ಮೇಲಿಟ್ಟಿದ್ದ ನಂಬಿಕೆಯನ್ನು ಹಿಂದಕ್ಕೆ ತೆಗೆದುಕೊಂಡರು, ಅಷ್ಟೇ. ಪುಸ್ತಕ ತೆಗೆದುಕೊಂಡು ಹೊರಟರು. ಆಕೆಯೇ ಯಾರದ್ದೋ ಮೇಜಿನ ಮೇಲೆ ಸೂಚನೆಗಳನ್ನು ಕದ್ದು ನೋಡಿರಬೇಕು ಎಂದು ಸುಂದರೇಶನ್ ತೀರ್ಮಾನಿಸಿದರು. ಉತ್ತರಪತ್ರಿಕೆ ರದ್ದಾಯಿತು. ಮುಂದಿನ ಸೋಮವಾರದಿಂದ ಆಕೆ ಎಣ್ಣೂರಿಗೆ ಹೋದರು. ಐದು ವಾರಕ್ಕೆ ನನ್ನ ಕೆಲಸ ಖಾಯಂ ಆಯಿತು. ಸೂಚನೆಗಳು ಅಚ್ಚಾಗಿ ಶಾಖೆಗಳಿಗೆ ಹೋದವು, ನನಗೆ ‘ಟಿಪ್ಸ್ ಮೂರ್ತಿ’ ಎಂದು ಹೆಸರೂ ಬಂತು. ರಾಯಪುರಂನಲ್ಲಿ ಅವರ ಬೀದಿ ತಪ್ಪಿಸಿ ಸುತ್ತು ಹಾಕಿ ನಡೆಯುವುದನ್ನು ರೂಢಿ ಮಾಡಿಕೊಂಡೆ.

1988ರಲ್ಲಿ ಎಣ್ಣೂರಿನ ಗೋದಾಮಿಗೂ ಒಂದು ಪಿ.ಸಿ. ಕೊಟ್ಟರು. ಅದನ್ನು ಕೂರಿಸಿ, ಅಲ್ಲಿನವರಿಗೆ ಕಲಿಸಿ ಬರಲು ನನ್ನನ್ನೇ ಕಳಿಸಿದರು. ತಗಡಿನ ಛಾವಣಿ, ವಿದ್ಯುತ್ ಸ್ಥಾವರದ ಬೂದಿ ಬೆರೆತ ಗಾಳಿ. ರುಕ್ಮಿಣಿಬಾಯಿ ಒಂದು ಮೂಲೆಯಲ್ಲಿ ಸರಕಿನ ಚೀಟಿಗಳನ್ನು ಜೋಡಿಸುತ್ತಿದ್ದರು. ಎಲ್ಲರಿಗೂ ಅಚ್ಚಾದ ಹಾಳೆ ಹಂಚಿದೆ. ಅವರ ಕೈಗೆ ಅವರದೇ ಮಾತನ್ನು ನನ್ನ ಹೆಸರಿನಲ್ಲಿ ಕೊಟ್ಟೆ. ಆಕೆ ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿದರು.

ಎಲ್ಲರೂ ಊಟಕ್ಕೆ ಎದ್ದ ಮೇಲೆ, ಬೇರೇನೂ ತೋಚದೆ, “ರಾಯರು ಹೇಗಿದ್ದಾರೆ?” ಎಂದು ಕೇಳಿದೆ.

“ಇದ್ದಾರೆ. ಕೈಗೆ ಚಮಚ ಕಟ್ಟಿಟ್ಟು ಬರ್ತೀನಿ. ಅವರೇ ತಿಂತಾರೆ. ಅರ್ಧ ಚೆಲ್ಲತ್ತೆ,” ಎಂದರು. ಆಮೇಲೆ ಹಾಳೆಯ ಮೇಲೆ ಬೆರಳಿಟ್ಟರು. “ಹನ್ನೊಂದನೇದರಲ್ಲಿ ಒಂದು ಮಾತು ಬಿಟ್ಟುಹೋಗಿದೆ ಸಾರ್. ಫ್ಲಾಪಿಯಿಂದ ಫ್ಲಾಪಿಗೆ ನಕಲು ತೆಗೆಯೋ ಮುಂಚೆ, ಮೂಲದ ಅಂಚಿನ ಕಚ್ಚಿಗೆ ಚೀಟಿ ಅಂಟಿಸಬೇಕು. ಆಗ ಅದರ ಮೇಲೆ ಮಿಷನ್ ಬರೆಯಲ್ಲ. ಇಲ್ದಿದ್ರೆ, ಅಕಸ್ಮಾತ್ ಎರಡೂ ಅದಲುಬದಲಾದ್ರೆ ಖಾಲಿದು ತುಂಬಿದ್ದರ ಮೇಲೆ ಇಳಿದುಬಿಡತ್ತೆ. ನಾನು ಅದನ್ನ ಆಮೇಲೆ ಸೇರಿಸ್ಕೊಂಡೆ. ಅಷ್ಟು ಹೊತ್ತಿಗೆ ನೀವು ಪುಸ್ತಕ ನೋಡಿ ಆಗಿತ್ತು.”

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆ ವರ್ಷ ಮೂರು ಶಾಖೆಗಳಲ್ಲಿ ಫ್ಲಾಪಿಗಳು ಹೀಗೇ ಅಳಿಸಿಹೋಗಿದ್ದವು. ಆಪರೇಟರುಗಳಿಗೆ ಬುದ್ಧಿಯಿಲ್ಲವೆಂದು ನಾನು ಕಟುವಾಗಿ ಪತ್ರ ಬರೆದಿದ್ದೆ.

“ಮುಂದಿನ ಸಲ ಸೇರಿಸಿ ಸಾರ್,” ಎಂದರು. “ಪಾಪ, ಬೇರೆಯವರ ಕೆಲಸ ಹಾಳಾಗಬಾರದು.” ತಮ್ಮ ಊಟದ ಡಬ್ಬಿ ಹಿಡಿದು ಆಚೆ ಹೋದರು.

ಮರುದಿನ ಆಫೀಸಿಗೆ ಬಂದವನೇ ಸುಂದರೇಶನ್‌ಗೆ ಒಂದು ಪುಟದ ಪತ್ರ ಟೈಪ್ ಮಾಡಿದೆ. ‘ಆ ಇಪ್ಪತ್ತು ಸೂಚನೆಗಳು ನನ್ನವಲ್ಲ’ ಎಂದು ಶುರುವಾಗಿತ್ತು. ನನ್ನ ಕೆಲಸ ಆಗ ಭದ್ರವಾಗಿತ್ತು, ಯಾರೂ ತೆಗೆಯುತ್ತಿರಲಿಲ್ಲ. ಹೆಚ್ಚೆಂದರೆ ನಗುತ್ತಿದ್ದರು. ಆ ನಗುವಿಗೂ ಹೆದರಿದೆ. ಕಂಟ್ರೋಲ್ ಕೆ ಕ್ಯು ಒತ್ತಿದೆ. ಬರೆದದ್ದನ್ನು ಕೈಬಿಡಲೇ, ವೈ ಅಥವಾ ಎನ್ ಎಂದು ವರ್ಡ್‌ಸ್ಟಾರ್ ಕೇಳಿತು. ವೈ ಒತ್ತಿದೆ. ಹೊಸ ಅಚ್ಚಿನಲ್ಲಿ ಚೀಟಿಯ ಮಾತು ಸೇರಿಸಿದೆ. ಕೆಳಗಿನ ಹೆಸರು ಹಾಗೇ ಉಳಿಯಿತು.

ಹಾಳೆ ತಲುಪಿದ್ದಕ್ಕೆ ಎಲ್ಲರೂ ರಶೀದಿ ಚೀಟಿ ಸಹಿ ಮಾಡಿ ಕಳಿಸಬೇಕಿತ್ತು. ಎಣ್ಣೂರಿನ ಒಂದು ಚೀಟಿಯಲ್ಲಿ ಸಹಿಯ ಕೆಳಗೆ ಏನೋ ಬರೆದಿತ್ತು. ಸುಂದರೇಶನ್ ಅದನ್ನು ನನ್ನ ಕಡೆ ತಳ್ಳಿದರು. “ಇದು ನಿಮ್ಮ ಭಾಷೆ. ಪಡಿಂಗೊ.”

ಆ ದುಂಡಗಿನ ಅಕ್ಷರ ನನಗೆ ಗೊತ್ತಿತ್ತು. ಒಂದೇ ಪದ, ಕೆಂಪು ಇಂಕಿನಲ್ಲಿ.

“‘ಚೆನ್ನಾಗಿದೆ’ ಎಂದು ಬರೆದಿದ್ದಾರೆ ಸಾರ್,” ಎಂದೆ.

“ನೋಡಿ, ದೊಡ್ಡ ಮನಸ್ಸು. ಅಷ್ಟೆಲ್ಲ ಆದ ಮೇಲೂ ನಿಮ್ಮನ್ನು ಮೆಚ್ಚಿಕೊಂಡಿದ್ದಾರೆ,” ಎಂದು ಸುಂದರೇಶನ್ ಚೀಟಿಯನ್ನು ಫೈಲಿಗೆ ಸೇರಿಸಿದರು. ಆ ಸಲ ನಾನು ಓದಿದ್ದು ಅಕ್ಷರಶಃ ಸರಿಯಾಗಿತ್ತು. ಆದರೂ ಅದರ ಅರ್ಥವನ್ನು ಅವರಿಗೆ ಹೇಳಲಿಲ್ಲ.

ಮರುವರ್ಷ ನಾನು ಆ ಕಂಪನಿ ಬಿಟ್ಟೆ. ಆಕೆ ಆಗಲೂ ಎಣ್ಣೂರಿನಲ್ಲೇ ಇದ್ದರು. ಆಮೇಲೆ ಬೇರೆ ಬೇರೆ ಕಡೆ ನೂರಾರು ಜನರಿಗೆ ಕಂಪ್ಯೂಟರ್ ಕಲಿಸಿದ್ದೇನೆ. ಪಾಠ ಯಾವಾಗಲೂ ಹಪ್ಪಳದಿಂದಲೇ ಶುರು, ಜನ ಯಾವಾಗಲೂ ನಗುತ್ತಿದ್ದರು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಯಾರಿಂದ ಕಲಿತೆವೋ ಅವರ ಹೆಸರನ್ನು ಮೊದಲ ಸಾಲಿನಲ್ಲೇ ಬರೆಯಬೇಕು. ಆಮೇಲೆ ಬರೆದರಾಯಿತು ಎಂದುಕೊಂಡವನು ಬರೆಯುವುದಿಲ್ಲ, ನಾನು ಬರೆಯಲಿಲ್ಲ. ಆ ಇಪ್ಪತ್ತು ಸೂಚನೆಗಳೂ, ಆಮೇಲೆ ಸೇರಿಸಿದ ಆ ಒಂದು ಮಾತೂ ರುಕ್ಮಿಣಿಬಾಯಿಯವರವು. ನಾನು ನಾಲ್ಕು ಹಾಳೆ ತಿರುಗಿಸಿ, ಓದಿ, ಇಲ್ಲ ಎಂದೆ.