ಹತ್ತದ ಬಲ್ಬು

ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಲಗೈ ಹೆಬ್ಬೆರಳ ತುದಿಯಲ್ಲಿ ಬೆಸುಗೆ ಸುಟ್ಟ ಕಪ್ಪು ಕಲೆ. ನಮ್ಮ ರೇಡಿಯೊ ಸ್ವಾಮಿಗಳನ್ನು ನೆನೆದರೆ ಮೊದಲು ಕಾಣುವುದು ಇವೆರಡು. ಬೆಳಿಗ್ಗೆ ಮನೆಮನೆಗೆ ಹೋಗಿ ಪೂಜೆ, ಮಧ್ಯಾಹ್ನದಿಂದ ಉಮರ್ಗಾದ ಅಂಗಡಿಯಲ್ಲಿ ರೇಡಿಯೊ ರಿಪೇರಿ. ಯಾರು ಅವಸರ ಮಾಡಿದರೂ, "ಥಾಂಬ್ರೀ, ಇದಕ್ಕ ಜೀವಾ ಬರ್ಲಿ" ಅನ್ನುವರು.

ನಾನು ಪಕ್ಕದ ಯೆಣೆಗೂರಿನ ಕುರಿಗಾರರ ಮಗಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಎರಡು ವರ್ಷವಾದರೂ ಓದು ತಲೆಗೆ ಹೋಗಿರಲಿಲ್ಲ. ಓದು ಬರದಿದ್ದರೆ ಶಾಲೆ ಬಿಡಿಸುತ್ತೇನೆ ಎಂದು ಅಪ್ಪ ಹೇಳಿದ್ದ. ಆಗ ಸ್ವಾಮಿಗಳು ನನಗೊಂದು ಆಟದ ಹಲಗೆ ಮಾಡಿಕೊಟ್ಟರು. ಎಡಕ್ಕೆ ಹತ್ತು ಚಿತ್ರ, ಬಲಕ್ಕೆ ಮರಾಠಿಯಲ್ಲಿ ಬರೆದ ಹತ್ತು ಹೆಸರಿನ ಚೀಟಿ, ಒಂದೊಂದಕ್ಕೂ ಹಿತ್ತಾಳೆ ಸ್ಕ್ರೂ. ಒಂದು ವಯರನ್ನು ಚಿತ್ರಕ್ಕೆ, ಇನ್ನೊಂದನ್ನು ಸರಿಯಾದ ಹೆಸರಿಗೆ ಮುಟ್ಟಿಸಿದರೆ ಬಲ್ಬು ಹತ್ತುತ್ತಿತ್ತು.

ವಾರದೊಳಗೆ ಹತ್ತಕ್ಕೆ ಹತ್ತೂ ಸರಿ. ನೂರು ಕುರಿಗಳನ್ನು ಮುಖ ನೋಡಿ ಗುರುತಿಸುವ ಮನೆಯವಳು. ಹತ್ತು ಸ್ಕ್ರೂಗಳ ಜಾಗ ನೆನಪಿಡುವುದೇನು ಮಹಾ? ಚೀಟಿಗಳ ಕಡೆ ನಾನು ನೋಡಿಯೇ ಇರಲಿಲ್ಲ.

"ನಿಮ್ಮಪ್ಪಗ ಕರ್ಕೊಂಡು ಬಾ ತಂಗಿ, ತೋರ್ಸೂಣು" ಅಂದರು ಸ್ವಾಮಿಗಳು. ಸಂತೆಯ ದಿನ ಅಪ್ಪ ಬೀಗರನ್ನೂ ಕಟ್ಟಿಕೊಂಡು ಬಂದ. ಕುರಿಯ ಚಿತ್ರಕ್ಕೆ ಒಂದು ವಯರು, ಮೂರನೆಯ ಸ್ಕ್ರೂಗೆ ಇನ್ನೊಂದು. ಬಲ್ಬು ಹತ್ತಲಿಲ್ಲ. ಎತ್ತು, ಐದನೆಯದು. ಇಲ್ಲ. ಸ್ವಾಮಿಗಳು ನನ್ನ ಕಣ್ಣು ತಪ್ಪಿಸಿ ಹೆಬ್ಬೆರಳು ಉಜ್ಜಿಕೊಳ್ಳುತ್ತಿದ್ದರು.

"ಸೆಲ್ ಸತ್ತಾವೇನ್ರೀ ಸ್ವಾಮ್ಯಾರ?" ಅಂದ ಅಪ್ಪ.

"ಸೆಲ್ ಬರೋಬರ್ ಅದಾವ. ಖರೇನ ಓದ್ತಾಳೋ ಇಲ್ಲೋ ನೋಡ್ಲಾಕ ಮುಂಜಾನಿ ನಾನೇ ಚೀಟಿ, ಹಲಗಿ ಹಿಂದಿನ ವಯರು ಎಲ್ಲಾ ಬದಲ್ ಮಾಡೀನಿ. ಹುಡುಗಿ ಓದ್ಲತ್ತಿಲ್ಲ, ಜಾಗಾ ಬಾಯಿಪಾಠ ಮಾಡ್ಯಾಳ."

"ಕುರಿ ಕಾಯಾಕ ಭಾಳ ಶಾಣ್ಯಾ ಅದಾಳ ಬಿಡ್ರಿ" ಎಂದು ಬೀಗರು ನಕ್ಕರು. ಮರುದಿನದಿಂದ ನಾನು ಕುರಿಯ ಹಿಂದೆ.

ಸ್ವಾಮಿಗಳು ವಾರವಾರ ಸೈಕಲ್ ತುಳಿದು ಅಡವಿಗೆ ಬರುತ್ತಿದ್ದರು. ಪ್ರತಿಸಲ ಚೀಟಿ ಬದಲಿಸಿದ ಹಲಗೆಯನ್ನು ಬೇವಿನ ಬುಡದಲ್ಲಿ ಇಟ್ಟು ಹೋಗುವರು. ಅವರು ಮರೆಯಾದ ಮೇಲೆಯೇ ನಾನು ಅದನ್ನು ಎತ್ತಿಕೊಳ್ಳುತ್ತಿದ್ದೆ. ಸಿಟ್ಟಿನಲ್ಲೇ ಓದಿದೆ. ಒಂದು ವರ್ಷ ಹೋದಮೇಲೆ, ನಾನು ಓದುವುದನ್ನು ಕಂಡು ಅಪ್ಪ ಮತ್ತೆ ಶಾಲೆಗೆ ಕಳಿಸಿದ.

ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ: "ಚೀಟಿ ಬದಲ್ ಮಾಡಿದ್ದು ನನಗೊಬ್ಬಾಕಿಗರೆ ಮೊದಲ ಹೇಳಬಾರದಿತ್ತೇನ್ರೀ?"

"ನಿಮ್ಮಪ್ಪ ಖರೇನ ಶಾಲಿ ಬಿಡಸ್ತಾನಂತ ಅನಸಲಿಲ್ಲ, ತಂಗಿ" ಅಂದು ರೇಡಿಯೊ ಕಡೆ ತಿರುಗಿದರು.

ಈಗ ಅವರ ಸಮಾಧಿಯ ಮೇಲೊಂದು ಕಲ್ಲಿದೆ. ಅದರ ಮೇಲಿನ ಮರಾಠಿ ಸಾಲುಗಳನ್ನು ಎಲ್ಲೂ ತಡವರಿಸದೆ ಓದಿದೆ. ಆ ಓದು ಅವರೇ ಕೊಟ್ಟದ್ದು, ಇಲ್ಲವೆನ್ನಲಾರೆ. ಆದರೂ ಅಲ್ಲಿ ನಿಂತಾಗ ಕೈಮುಗಿಯುವ ಮೊದಲು ಬಾಯಿಗೆ ಬಂದದ್ದು ಹಳೆಯ ಮಾತೇ: ಕಿವಿಯಲ್ಲಿ ಒಂದು ಮಾತು ಹೇಳಬಹುದಿತ್ತು, ಸ್ವಾಮ್ಯಾರ.